ಬ್ಯಾಕಪ್ ತಂತ್ರಾಂಶ ಹಾಕಿದ ಮೇಲೆ ಕಂಪ್ಯೂಟರ್ ಬೆಳಿಗ್ಗೆ ಏಕೆ ತಡವರಿಸುತ್ತದೆ?

ಪ್ರಶ್ನೆ: ನನ್ನದು ವಿಂಡೋಸ್ 11 ಇರುವ ಡೆಸ್ಕ್‌ಟಾಪ್ ಕಂಪ್ಯೂಟರ್. ವಿಂಡೋಸ್ ಎಸ್‌ಎಸ್‌ಡಿಯಲ್ಲಿದೆ, ಡಾಕ್ಯುಮೆಂಟ್ಸ್ ಫೋಲ್ಡರ್ ಮತ್ತು ಫೋಟೊಗಳು ಒಳಗಿನ ಇನ್ನೊಂದು ಹಾರ್ಡ್ ಡಿಸ್ಕ್‌ನಲ್ಲಿವೆ. ಯುಎಸ್‌ಬಿ ಡಿಸ್ಕ್ ಒಂದನ್ನು ಸದಾ ಜೋಡಿಸಿಟ್ಟು, ಪ್ರತಿ ರಾತ್ರಿ 2 ಗಂಟೆಗೆ ಬ್ಯಾಕಪ್ ಆಗುವಂತೆ ತಂತ್ರಾಂಶವೊಂದನ್ನು ಹಾಕಿಕೊಂಡೆ. ಅಂದಿನಿಂದ ಬೆಳಿಗ್ಗೆ ಆನ್ ಮಾಡಿದಾಗ ಪರದೆಯೇನೋ ಬೇಗ ಬರುತ್ತದೆ, ಆದರೆ ಪಾಸ್‌ವರ್ಡ್ ಕೊಟ್ಟ ಮೇಲೆ ಐದಾರು ನಿಮಿಷ ಏನನ್ನು ಒತ್ತಿದರೂ ತೆರೆಯುವುದಿಲ್ಲ. ಮಧ್ಯಾಹ್ನ ರೀಸ್ಟಾರ್ಟ್ ಮಾಡಿದರೆ ಚುರುಕಾಗಿಯೇ ಇರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ಆ ತಂತ್ರಾಂಶವನ್ನು ಡಿಸೇಬಲ್ ಮಾಡಿದೆ, ಪ್ರಯೋಜನವಾಗಲಿಲ್ಲ. ಅದನ್ನು ತೆಗೆದೇ ಹಾಕು ಎನ್ನುತ್ತಾರೆ ಗೆಳೆಯರು. ಹಾಗೆ ಮಾಡಲೇ?

ಉತ್ತರ: ತೆಗೆದುಹಾಕಬೇಡಿ. ಹಾರ್ಡ್ ಡಿಸ್ಕ್ ಯಾವಾಗ ಕೈಕೊಡುತ್ತದೆಂದು ಹೇಳಲಾಗದು. ಬೆಳಗಿನ ಕಿರಿಕಿರಿಗೆ ಬೇಸತ್ತು ಬ್ಯಾಕಪ್ ಕಿತ್ತುಹಾಕಿದವರು, ವರ್ಷಗಳ ಫೋಟೊ ಹೋದ ಮೇಲೆ ಸಹಾಯ ಕೇಳಿ ಬಂದಾಗ ಅವರಿಗೆ ಹೇಳಲು ನಮ್ಮ ಬಳಿ ಹೆಚ್ಚೇನೂ ಇರುವುದಿಲ್ಲ. ನಿಮ್ಮ ತೊಂದರೆ ಬಗೆಹರಿಯುವಂಥದ್ದು. ಅದಕ್ಕೆ ಬೇಕಾದ ಸುಳಿವುಗಳೂ ನಿಮ್ಮ ಪ್ರಶ್ನೆಯಲ್ಲೇ ಇವೆ.

ರಾತ್ರಿ 2 ಗಂಟೆಗೆ ನಿಮ್ಮ ಕಂಪ್ಯೂಟರ್ ಆನ್ ಇರುತ್ತದೆಯೇ? ಬೆಳಿಗ್ಗೆ ಆನ್ ಮಾಡುತ್ತೇನೆ ಎಂದು ಬರೆದಿದ್ದೀರಿ. ಅಂದರೆ ಆ ಹೊತ್ತಿಗೆ ಅದು ಆಫ್ ಆಗಿರುತ್ತದೆ. ನಿಗದಿಯಾದ ಕೆಲಸ ನಡೆಯಲಿಲ್ಲ. ಒಳ್ಳೆಯ ಬ್ಯಾಕಪ್ ತಂತ್ರಾಂಶ ತಪ್ಪಿದ ಕೆಲಸವನ್ನು ಮರೆಯುವುದಿಲ್ಲ. ಯಂತ್ರ ಎಚ್ಚರವಾದ ಕೂಡಲೇ ಬಾಕಿ ಇರುವುದನ್ನು ತೀರಿಸಲು ಹೊರಡುತ್ತದೆ. ನೀವು ಪಾಸ್‌ವರ್ಡ್ ಒತ್ತುವುದಕ್ಕೂ ಅದು ಡಿಸ್ಕ್‌ಗೆ ಕೈಹಾಕುವುದಕ್ಕೂ ಸರಿಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಆ ದಿನದ ಬ್ಯಾಕಪ್ ಮುಗಿದಿರುವುದರಿಂದ ರೀಸ್ಟಾರ್ಟ್ ಹಗುರಾಗಿ ಆಗುತ್ತದೆ. ನನ್ನ ಮೊದಲ ಅನುಮಾನ ಇದರ ಮೇಲೆಯೇ.

ಈ ಅನುಮಾನಕ್ಕೆ ಇನ್ನೊಂದು ಆಧಾರವಿದೆ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಇದೆ. ನೀವು ಶಟ್‌ಡೌನ್ ಒತ್ತಿದಾಗ ನಿಮ್ಮ ಲಾಗಿನ್ ಮತ್ತು ತೆರೆದ ಪ್ರೋಗ್ರಾಂಗಳು ಮುಚ್ಚುತ್ತವೆ. ವಿಂಡೋಸ್‌ನ ತಿರುಳಾದ ಕರ್ನಲ್, ಯಂತ್ರದ ಭಾಗಗಳನ್ನು ನಡೆಸುವ ಡ್ರೈವರ್‌ಗಳು, ಹಿನ್ನೆಲೆಯಲ್ಲಿ ಓಡುವ ಸರ್ವಿಸ್ ಎಂಬ ಪ್ರೋಗ್ರಾಂಗಳು ಇದ್ದ ಸ್ಥಿತಿಯಲ್ಲೇ ಡಿಸ್ಕ್‌ನ ಒಂದು ಫೈಲ್‌ಗೆ ಬರೆಯಲ್ಪಡುತ್ತವೆ. ಮರುದಿನ ಆನ್ ಮಾಡಿದಾಗ ಆ ಫೈಲ್ ಮೆಮೊರಿಗೆ ಮರಳುತ್ತದೆ. ರೀಸ್ಟಾರ್ಟ್‌ನಲ್ಲಿ ಹೀಗಾಗುವುದಿಲ್ಲ, ಡ್ರೈವರ್‌ಗಳೂ ಸರ್ವಿಸ್‌ಗಳೂ ಮೊದಲಿನಿಂದ ಲೋಡ್ ಆಗಬೇಕು. ಹಾಗಿದ್ದಮೇಲೆ ಬ್ಯಾಕಪ್ ತಂತ್ರಾಂಶದ ಡ್ರೈವರ್ ಲೋಡ್ ಆಗುವುದೇ ತಡವಾಗಿದ್ದರೆ ನಿಮ್ಮ ಮಧ್ಯಾಹ್ನದ ರೀಸ್ಟಾರ್ಟ್ ಬೆಳಗಿಗಿಂತ ನಿಧಾನವಾಗಬೇಕಿತ್ತು. ನಿಮ್ಮಲ್ಲಿ ಆಗುತ್ತಿರುವುದು ಇದಕ್ಕೆ ತದ್ವಿರುದ್ಧ. ಆದ್ದರಿಂದ ತಂತ್ರಾಂಶ ಶುರುವಾಗುವುದು ಭಾರವಾಗಿಲ್ಲ, ಶುರುವಾದ ಮೇಲೆ ಅದು ಮಾಡುವ ಕೆಲಸ ಭಾರವಾಗಿದೆ.

ಸ್ಟಾರ್ಟಪ್ ಪಟ್ಟಿಯಲ್ಲಿ ಡಿಸೇಬಲ್ ಮಾಡಿದರೂ ಏಕೆ ಏನೂ ಬದಲಾಗಲಿಲ್ಲ ಎನ್ನುವುದನ್ನು ತಿಳಿದುಕೊಳ್ಳುವುದು ಮುಖ್ಯ, ಏಕೆಂದರೆ ಹೆಚ್ಚಿನವರು ಅಲ್ಲಿಗೇ ಕೈಚೆಲ್ಲುತ್ತಾರೆ. ಬ್ಯಾಕಪ್ ತಂತ್ರಾಂಶ ಹೊರಗೆ ಒಂದಾಗಿ ಕಂಡರೂ ಒಳಗೆ ಹಲವು ಭಾಗಗಳಾಗಿ ಹರಡಿಕೊಂಡಿರುತ್ತದೆ. ಗಡಿಯಾರದ ಪಕ್ಕದಲ್ಲಿ ಕಾಣುವ ಪುಟ್ಟ ಐಕಾನ್ ಒಂದು ಭಾಗ. ಅದು ಸ್ಥಿತಿ ತೋರಿಸುತ್ತದೆ, ಸಂದೇಶ ಕೊಡುತ್ತದೆ, ಅಷ್ಟೇ. ನಿಜವಾದ ಕೆಲಸ ಮಾಡುವುದು ಸರ್ವಿಸ್. ಯಾರೂ ಲಾಗಿನ್ ಆಗದಿದ್ದರೂ ಅದು ಓಡುತ್ತಿರುತ್ತದೆ. ಇವುಗಳ ಜೊತೆಗೆ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ನಮೂದಾದ ಕೆಲಸಗಳು ಇರಬಹುದು. ಎಲ್ಲಕ್ಕಿಂತ ಕೆಳಗೆ, ಡಿಸ್ಕ್‌ಗೂ ವಿಂಡೋಸ್‌ಗೂ ನಡುವೆ, ಪ್ರತಿ ಬರಹವನ್ನೂ ಗಮನಿಸುವ ಫಿಲ್ಟರ್ ಡ್ರೈವರ್ ಕುಳಿತಿರಬಹುದು. ಸ್ಟಾರ್ಟಪ್ ಪಟ್ಟಿ ನಿಲ್ಲಿಸುವುದು ಮೊದಲನೆಯದಾದ ಐಕಾನ್ ಅನ್ನು ಮಾತ್ರ. ನೀವು ಅದನ್ನು ನಿಲ್ಲಿಸಿದಿರಿ, ಸರ್ವಿಸ್ ತನ್ನ ಪಾಡಿಗೆ ಕೆಲಸ ಮುಂದುವರಿಸಿತು. ಐಕಾನ್ ಅನ್ನು ಮತ್ತೆ ಎನೇಬಲ್ ಮಾಡಿಬಿಡಿ. ಬ್ಯಾಕಪ್ ವಿಫಲವಾದರೆ ನಿಮಗೆ ತಿಳಿಸುವುದು ಅದೇ.

ಅದೇ ಪಟ್ಟಿಯಲ್ಲಿ 'ಸ್ಟಾರ್ಟಪ್ ಇಂಪ್ಯಾಕ್ಟ್' ಎಂಬ ಕಾಲಂ ಇದೆ. ಅಲ್ಲಿ 'ಹೈ' ಎಂದು ಕಂಡರೆ ಗಾಬರಿಯಾಗುವುದು ಬೇಡ. ಶುರುವಾಗುವಾಗ ಒಂದು ಸೆಕೆಂಡ್‌ಗಿಂತ ಹೆಚ್ಚು ಪ್ರೊಸೆಸರ್ ಸಮಯವನ್ನೋ 3 ಎಂಬಿಗಿಂತ ಹೆಚ್ಚು ಡಿಸ್ಕ್ ಓಡಾಟವನ್ನೋ ಬಳಸಿದ ಯಾವುದೇ ಪ್ರೋಗ್ರಾಂಗೆ ವಿಂಡೋಸ್ ಆ ಮುದ್ರೆ ಒತ್ತುತ್ತದೆ. ಇಂದಿನ ಪ್ರೋಗ್ರಾಂಗಳಿಗೆ ಇದು ಬಹಳ ಸಣ್ಣ ಮಿತಿ. ಆ ಪದವೊಂದನ್ನೇ ನೋಡಿ ಯಾವುದನ್ನೂ ಅಪರಾಧಿ ಮಾಡಬೇಡಿ.

ಈಗ ಅನುಮಾನವನ್ನು ಪರೀಕ್ಷಿಸೋಣ. ಸರಳವಾದ ಪರೀಕ್ಷೆ ಹೀಗಿದೆ: ಇಂದು ಸಂಜೆ ತಂತ್ರಾಂಶವನ್ನು ತೆರೆದು ಒಮ್ಮೆ ಕೈಯಾರೆ ಬ್ಯಾಕಪ್ ಓಡಿಸಿ. ಅದು ಮುಗಿದ ಮೇಲೆ ವೇಳಾಪಟ್ಟಿಯನ್ನು ಮಾತ್ರ ತಾತ್ಕಾಲಿಕವಾಗಿ ನಿಲ್ಲಿಸಿ. ಬೇರೆ ಏನನ್ನೂ ಮುಟ್ಟಬೇಡಿ. ಎಂದಿನಂತೆ ಶಟ್‌ಡೌನ್ ಮಾಡಿ, ನಾಳೆ ಎಂದಿನಂತೆ ಆನ್ ಮಾಡಿ. ಕಂಪ್ಯೂಟರ್ ಚುರುಕಾಗಿದ್ದರೆ ಕಾರಣ ಖಚಿತವಾಯಿತು. ಒಂದೇ ಸಲ ನಾಲ್ಕು ಸೆಟ್ಟಿಂಗ್ ಬದಲಾಯಿಸಿದರೆ ಯಾವುದರಿಂದ ಗುಣ ಕಂಡಿತೆಂದು ಎಂದೂ ತಿಳಿಯುವುದಿಲ್ಲ, ಹಾಗಾಗಿ ಒಂದು ಸಲಕ್ಕೆ ಒಂದೇ ಬದಲಾವಣೆ ಎನ್ನುವುದನ್ನು ಕಟ್ಟುನಿಟ್ಟಾಗಿ ಪಾಲಿಸಿ. ಪರೀಕ್ಷೆ ಮುಗಿದ ದಿನವೇ ವೇಳಾಪಟ್ಟಿಯನ್ನು ಮತ್ತೆ ಶುರುಮಾಡಲು ಮರೆಯಬೇಡಿ. ತಾತ್ಕಾಲಿಕವಾಗಿ ನಿಲ್ಲಿಸಿದ್ದು ತಿಂಗಳುಗಟ್ಟಲೆ ಹಾಗೇ ಉಳಿದುಬಿಡುವುದು ತೀರಾ ಸಾಮಾನ್ಯ.

ಕಣ್ಣಾರೆ ನೋಡಬೇಕೆಂದಿದ್ದರೆ, ನಿಧಾನವಾಗಿರುವ ಬೆಳಿಗ್ಗೆಯೇ ವಿಂಡೋಸ್‌ನಲ್ಲೇ ಇರುವ ರಿಸೋರ್ಸ್ ಮಾನಿಟರ್ ತೆರೆಯಿರಿ. ಅದೂ ನಿಧಾನವಾಗಿಯೇ ತೆರೆದುಕೊಳ್ಳುತ್ತದೆ, ಸ್ವಲ್ಪ ತಾಳ್ಮೆ ಬೇಕು. ಡಿಸ್ಕ್ ಟ್ಯಾಬ್‌ನಲ್ಲಿ ಯಾವ ಪ್ರೋಗ್ರಾಂ ಯಾವ ಫೈಲ್ ಅನ್ನು ಓದುತ್ತಿದೆ, ಯಾವುದಕ್ಕೆ ಬರೆಯುತ್ತಿದೆ ಎಂಬುದು ಸಾಲುಸಾಲಾಗಿ ಕಾಣುತ್ತದೆ. ಟಾಸ್ಕ್ ಮ್ಯಾನೇಜರ್ 'ಡಿಸ್ಕ್ 100%' ಎಂದು ಹೇಳಿ ಸುಮ್ಮನಾಗುತ್ತದೆ. ಇಲ್ಲಿ ಹೆಸರೇ ಸಿಗುತ್ತದೆ. 'ರೆಸ್ಪಾನ್ಸ್ ಟೈಮ್' ಕಾಲಂ ಅನ್ನು ವಿಶೇಷವಾಗಿ ಗಮನಿಸಿ. ಆರೋಗ್ಯವಾಗಿರುವ ಹಾರ್ಡ್ ಡಿಸ್ಕ್ ಬಿಡುವಾಗಿದ್ದಾಗ ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ಉತ್ತರಿಸುತ್ತದೆ. ಅದು ನೂರಾರು ಮಿಲಿಸೆಕೆಂಡ್‌ಗೆ ಏರಿದ್ದರೆ ಡಿಸ್ಕ್‌ನ ಮುಂದೆ ದೊಡ್ಡ ಸರದಿ ಬೆಳೆದಿದೆ ಎಂದು ತಿಳಿಯಬೇಕು. 'ಸಿಸ್ಟಮ್' ಎಂಬ ಹೆಸರಿನ ಸಾಲಿನಲ್ಲಿ 'ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್' ಫೋಲ್ಡರ್‌ಗೆ ಬರಹ ನಡೆಯುತ್ತಿದ್ದರೆ ಅದು ಸಾಮಾನ್ಯವಾಗಿ ಶ್ಯಾಡೋ ಕಾಪಿಯ ಕೆಲಸ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಬೆಳಗಿನ ತಡವರಿಕೆಯ ಗುಟ್ಟು ಇರುವುದು ಇಲ್ಲೇ.

ತೆರೆದಿರುವ ಫೈಲ್‌ಗಳನ್ನೂ ನಕಲು ಮಾಡಬೇಕಾದ್ದರಿಂದ ಬ್ಯಾಕಪ್ ತಂತ್ರಾಂಶಗಳು ವಿಂಡೋಸ್‌ನ ವಾಲ್ಯೂಮ್ ಶ್ಯಾಡೋ ಕಾಪಿ ಸೇವೆಯನ್ನು ಬಳಸುತ್ತವೆ. ಒಂದು ಕ್ಷಣದಲ್ಲಿ ಡಿಸ್ಕ್ ಹೇಗಿತ್ತೋ ಆ ರೂಪವನ್ನು ಅದು ಹಿಡಿದಿಡುತ್ತದೆ. ಅದಕ್ಕಾಗಿ ಮೊದಲು ಡೇಟಾಬೇಸ್‌ನಂಥ ಘಟಕಗಳಿಗೆಲ್ಲ ಬರೆಯುವುದನ್ನು ನಿಲ್ಲಿಸುವಂತೆ ಹೇಳುತ್ತದೆ. ಈ ತಡೆಗೆ ಗರಿಷ್ಠ 60 ಸೆಕೆಂಡ್ ಅವಕಾಶವಿದೆ. ಅದರ ಕೊನೆಯ ಹಂತದಲ್ಲಿ ಆ ವಾಲ್ಯೂಮ್‌ಗೆ (ಅಂದರೆ ಡಿಸ್ಕ್‌ನ ಆ ವಿಭಾಗಕ್ಕೆ) ಹೋಗುವ ಎಲ್ಲ ಬರಹವನ್ನೂ ತಡೆಹಿಡಿಯುತ್ತದೆ. ಅದಕ್ಕೆ 10 ಸೆಕೆಂಡ್‌ಗಳ ಮಿತಿ. ಕಂಪ್ಯೂಟರ್ ಬಿಡುವಾಗಿದ್ದಾಗ ಇದು ಗೊತ್ತೇ ಆಗದಷ್ಟು ಬೇಗ ಮುಗಿಯುತ್ತದೆ. ಲಾಗಿನ್ ಆದ ಕ್ಷಣದಲ್ಲಿ ನಡೆದರೆ ಹಾಗಲ್ಲ. ಆಗ ಹತ್ತಾರು ಪ್ರೋಗ್ರಾಂಗಳು ಒಟ್ಟಿಗೆ ತಮ್ಮ ಸೆಟ್ಟಿಂಗ್, ಲಾಗ್, ಕ್ಯಾಶ್‌ಗಳನ್ನು ಬರೆಯುತ್ತಿರುತ್ತವೆ, ಅವೆಲ್ಲವೂ ಕಾಯಬೇಕಾಗುತ್ತದೆ.

ನಿಜವಾದ ಹೊರೆ ಆಮೇಲಿನದು. ಶ್ಯಾಡೋ ಕಾಪಿ ಶುರುವಾದಾಗ ಡಿಸ್ಕ್ ಅನ್ನು ಪೂರ್ತಿ ನಕಲು ಮಾಡುವುದಿಲ್ಲ. ಯಾವುದಾದರೂ ತುಣುಕು ಬದಲಾಗಲಿದೆ ಎಂದಾಗ ಮಾತ್ರ ಅದರ ಹಳೆಯ ರೂಪವನ್ನು ಓದಿ, ಪಕ್ಕದ ಒಂದು ಜಾಗದಲ್ಲಿ ಬರೆದಿಟ್ಟು, ಆಮೇಲೆ ಹೊಸದಕ್ಕೆ ಅವಕಾಶ ಕೊಡುತ್ತದೆ. ವಿಂಡೋಸ್‌ನ ಸ್ವಂತ ವ್ಯವಸ್ಥೆಯಲ್ಲಿ ಈ ತುಣುಕಿನ ಗಾತ್ರ 16 ಕೆಬಿ. ಹೀಗಾಗಿ ಒಂದು ಬರಹ ಇದ್ದದ್ದು ಒಂದು ಓದು, ಎರಡು ಬರಹ ಆಗುತ್ತದೆ. ಜೊತೆಗೆ ಬ್ಯಾಕಪ್ ಕೂಡ ಅದೇ ಡಿಸ್ಕ್‌ನಿಂದ ಓದುತ್ತಿರುತ್ತದೆ. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಇದನ್ನು ಸಹಿಸಿಕೊಳ್ಳುತ್ತದೆ, ಅದು ಸೆಕೆಂಡ್‌ಗೆ ಹತ್ತಾರು ಸಾವಿರ ಬಿಡಿ ಬೇಡಿಕೆಗಳನ್ನು ಪೂರೈಸಬಲ್ಲದು. ತಿರುಗುವ ಹಾರ್ಡ್ ಡಿಸ್ಕ್ ಕಥೆ ಬೇರೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್‌ನಲ್ಲಿ ಬೇಕಾದ ಜಾಗ ಓದಿ ಬರೆಯುವ ಹೆಡ್‌ನ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡ್‌ಗಿಂತ ಹೆಚ್ಚು ಬೇಕು. ಹೆಡ್ ಆ ಜಾಗಕ್ಕೆ ಸರಿಯುವ ಸಮಯ ಬೇರೆ. ಎಲ್ಲ ಸೇರಿ ಸೆಕೆಂಡ್‌ಗೆ ಸುಮಾರು ನೂರು ಬಿಡಿ ಬೇಡಿಕೆಗಳಷ್ಟೇ ಅದರ ಮಿತಿ. ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರ್ ಆ ಡಿಸ್ಕ್‌ನಲ್ಲಿದೆ. ವಿಂಡೋಸ್ ಎಸ್‌ಎಸ್‌ಡಿಯಲ್ಲಿದ್ದರೂ ಕ್ಲಿಕ್‌ಗೆ ಉತ್ತರ ಸಿಗದಿರುವುದಕ್ಕೆ ಇದೇ ಕಾರಣವಾಗಿರಬಹುದು: ಡಾಕ್ಯುಮೆಂಟ್ಸ್ ಅನ್ನು ಮುಟ್ಟುವ ಪ್ರತಿಯೊಂದು ಪ್ರೋಗ್ರಾಂ, ಫೈಲ್ ಎಕ್ಸ್‌ಪ್ಲೋರರ್ ಸೇರಿದಂತೆ, ಸಾವಿರಾರು ಫೋಟೊಗಳನ್ನು ಓದುತ್ತಿರುವ ಬ್ಯಾಕಪ್‌ನ ಹಿಂದೆ ಸರದಿಯಲ್ಲಿ ನಿಂತಿರುತ್ತದೆ.

ಇನ್ನು ಪರಿಹಾರ. ಅತ್ಯುತ್ತಮವಾದದ್ದು ಎಂದರೆ ಬ್ಯಾಕಪ್‌ನ ಸಮಯವನ್ನು ನಿಮ್ಮ ದಿನಚರಿಗೆ ಹೊಂದಿಸುವುದು. ರಾತ್ರಿ 2 ಗಂಟೆ ಎನ್ನುವುದು ದಿನವಿಡೀ ಆನ್ ಇರುವ ಸರ್ವರ್‌ಗಳಿಗೆ ಒಪ್ಪುವ ಸಮಯ. ನಿಮ್ಮ ಕಂಪ್ಯೂಟರ್‌ಗೆ ಒಪ್ಪುವುದಿಲ್ಲ. ಕೆಲಸ ಮುಗಿಸಿ ಏಳುವ ಹೊತ್ತಿಗೆ ಬ್ಯಾಕಪ್ ಓಡಿ, ಮುಗಿದ ಮೇಲೆ ಯಂತ್ರ ತಾನಾಗಿ ಶಟ್‌ಡೌನ್ ಆಗುವ ಆಯ್ಕೆ ಅನೇಕ ತಂತ್ರಾಂಶಗಳಲ್ಲಿದೆ. ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ. ಆ ದಿನ ಮಾಡಿದ ಕೆಲಸ ಆ ದಿನವೇ ಸುರಕ್ಷಿತವಾಗುತ್ತದೆ, ಬೆಳಿಗ್ಗೆ ಬಾಕಿ ಏನೂ ಉಳಿಯುವುದಿಲ್ಲ. ನಿಮ್ಮ ತಂತ್ರಾಂಶದಲ್ಲಿ ಅದಿಲ್ಲದಿದ್ದರೆ ಊಟದ ವಿರಾಮವನ್ನು ಆರಿಸಿಕೊಳ್ಳಿ. ಬ್ಯಾಕಪ್‌ಗಾಗಿ ಕಂಪ್ಯೂಟರ್ ತಾನೇ ರಾತ್ರಿ ಏಳಲಿ ಎಂಬ ಆಯ್ಕೆಯೂ ಕೆಲವದರಲ್ಲಿದೆ, ಆದರೆ ಅದು ಸ್ಲೀಪ್‌ನಲ್ಲಿರುವ ಯಂತ್ರವನ್ನು ಎಬ್ಬಿಸಬಲ್ಲದು, ಶಟ್‌ಡೌನ್ ಆದದ್ದನ್ನು ಎಬ್ಬಿಸಲಾರದು.

ತಪ್ಪಿದ ಬ್ಯಾಕಪ್ ಅನ್ನು ಆಮೇಲೆ ಓಡಿಸುವ ಆಯ್ಕೆಯನ್ನು ಪೂರ್ತಿಯಾಗಿ ಆಫ್ ಮಾಡುವ ಆಸೆ ನಿಮಗೆ ಬರಬಹುದು. ಅದನ್ನು ನಾನು ಒಪ್ಪುವುದಿಲ್ಲ. ಎರಡು ದಿನ ಪ್ರಯಾಣ, ಒಂದು ದಿನ ಕರೆಂಟ್ ಇಲ್ಲ, ಇನ್ನೊಂದು ದಿನ ಬೇಗ ಮುಚ್ಚಿದಿರಿ. ಹೀಗೆ ವಾರಗಟ್ಟಲೆ ಬ್ಯಾಕಪ್ ಇಲ್ಲದೆ ಕಳೆದುಹೋಗುತ್ತದೆ, ನಿಮ್ಮ ಅರಿವಿಗೂ ಬರುವುದಿಲ್ಲ. ಅದನ್ನು ಉಳಿಸಿಕೊಂಡು, ಆನ್ ಆದ ಕೂಡಲೇ ಓಡದಂತೆ 20-30 ನಿಮಿಷ ಹಿಂದಕ್ಕೆ ತಳ್ಳಿ. ಅಥವಾ ಕಂಪ್ಯೂಟರ್ ಬಿಡುವಾಗಿದ್ದಾಗ ಮಾತ್ರ ಎಂಬ ಷರತ್ತು ಹಾಕಿ. ಓಡುವ ವೇಗವನ್ನು ತಗ್ಗಿಸುವ, ಆದ್ಯತೆಯನ್ನು 'ಲೋ' ಮಾಡುವ ಸೆಟ್ಟಿಂಗ್ ಇದ್ದರೆ ಅದನ್ನೂ ಬಳಸಿಕೊಳ್ಳಬಹುದು. ಆದರೆ ಪ್ರೊಸೆಸರ್ ಆದ್ಯತೆಯನ್ನು ಮಾತ್ರ ತಗ್ಗಿಸಿದರೆ ಹೆಚ್ಚು ಗುಣ ಕಾಣಲಾರದು, ನಿಮ್ಮಲ್ಲಿ ಅಡಚಣೆ ಇರುವುದು ಡಿಸ್ಕ್‌ನಲ್ಲಿ.

ಈ ಸೆಟ್ಟಿಂಗ್ ಎಲ್ಲಿರುತ್ತದೆ? ಕೆಲವು ತಂತ್ರಾಂಶಗಳು ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಅನ್ನೇ ನೆಚ್ಚಿಕೊಂಡಿರುತ್ತವೆ. ಅಲ್ಲಿ ಆ ಕೆಲಸದ ಪ್ರಾಪರ್ಟೀಸ್ ತೆರೆದು ಸೆಟ್ಟಿಂಗ್ಸ್ ಟ್ಯಾಬ್‌ಗೆ ಹೋದರೆ, ಸಮಯ ತಪ್ಪಿದ ಕೆಲಸವನ್ನು ಸಾಧ್ಯವಾದಷ್ಟು ಬೇಗ ಓಡಿಸು ಎಂಬ ಅರ್ಥದ ಆಯ್ಕೆ ಕಾಣುತ್ತದೆ. ಹಾಗೆ ತಪ್ಪಿದ ಕೆಲಸವನ್ನು ಟಾಸ್ಕ್ ಶೆಡ್ಯೂಲರ್ ತಕ್ಷಣ ಓಡಿಸುವುದಿಲ್ಲ. ಸಾಮಾನ್ಯವಾಗಿ 10 ನಿಮಿಷ ಕಾಯುತ್ತದೆ. ನಿಮ್ಮಲ್ಲಿ ಪಾಸ್‌ವರ್ಡ್ ಕೊಟ್ಟ ಕೂಡಲೇ ನಿಧಾನವಾಗುತ್ತಿದೆ. ಹಾಗಾಗಿ ನಿಮ್ಮ ತಂತ್ರಾಂಶ ಟಾಸ್ಕ್ ಶೆಡ್ಯೂಲರ್ ಬಳಸದೆ ತನ್ನ ಸರ್ವಿಸ್‌ನೊಳಗೆ ತನ್ನದೇ ವೇಳಾಪಟ್ಟಿ ಇಟ್ಟುಕೊಂಡಿರುವ ಸಂಭವವೇ ಹೆಚ್ಚು. ತಂತ್ರಾಂಶದ ಸೆಟ್ಟಿಂಗ್‌ನಲ್ಲೇ ಹುಡುಕಿ. ಶೆಡ್ಯೂಲ್ ಪುಟದ 'ಅಡ್ವಾನ್ಸ್ಡ್' ವಿಭಾಗದಲ್ಲಿ ಇಂಥವು ಅಡಗಿರುವುದು ಹೆಚ್ಚು.

ತಡ ಮಾಡುವ ಸೌಲಭ್ಯವೇ ತಂತ್ರಾಂಶದಲ್ಲಿಲ್ಲದಿದ್ದರೆ ಸರ್ವಿಸ್‌ನ ಮಟ್ಟದಲ್ಲಿ ಒಂದು ದಾರಿಯಿದೆ. ಸರ್ವಿಸಸ್ ಪಟ್ಟಿಯಲ್ಲಿ ಅದರ ಸ್ಟಾರ್ಟಪ್ ಟೈಪ್ 'ಆಟೊಮ್ಯಾಟಿಕ್' ಎಂದಿರುತ್ತದೆ. ಅದನ್ನು 'ಆಟೊಮ್ಯಾಟಿಕ್ ಡಿಲೇಡ್ ಸ್ಟಾರ್ಟ್' ಎಂದು ಬದಲಿಸಿದರೆ ಉಳಿದ ಆಟೊಮ್ಯಾಟಿಕ್ ಸರ್ವಿಸ್‌ಗಳೆಲ್ಲ ಶುರುವಾಗಿ ಸುಮಾರು 120 ಸೆಕೆಂಡ್ ಆದ ಮೇಲೆ ಅದರ ಸರದಿ ಬರುತ್ತದೆ. ಆದರೆ ಫಾಸ್ಟ್ ಸ್ಟಾರ್ಟಪ್ ಇದ್ದಾಗ ಸರ್ವಿಸ್‌ಗಳು ಹೊಸದಾಗಿ ಶುರುವಾಗುವುದೇ ಇಲ್ಲ, ಮಲಗಿದ್ದು ಎದ್ದುಬರುತ್ತವೆ. ಆದ್ದರಿಂದ ಈ ಬದಲಾವಣೆ ನಿಮ್ಮ ಬೆಳಗಿನ ತೊಂದರೆಗೆ ನಾಟದೆ ಹೋಗಬಹುದು. ಇದು ರೀಸ್ಟಾರ್ಟ್ ನಿಧಾನವಾಗಿರುವವರಿಗೆ ಹೆಚ್ಚು ಉಪಯುಕ್ತ. ಏನೇ ಆದರೂ 'ಮ್ಯಾನ್ಯುಅಲ್' ಅಥವಾ 'ಡಿಸೇಬಲ್ಡ್' ಮಾಡಬೇಡಿ. ಐಕಾನ್ ನಗುತ್ತಾ ಕುಳಿತಿದ್ದರೂ ಒಳಗೆ ಬ್ಯಾಕಪ್ ನಡೆಯದೇ ಇರುವ ಸ್ಥಿತಿ ಬರುತ್ತದೆ, ಬ್ಯಾಕಪ್ ಇದೆ ಎಂದು ನಂಬಿ ಮೋಸಹೋಗುವುದು ಇಲ್ಲವೆಂದು ಗೊತ್ತಿರುವುದಕ್ಕಿಂತ ಅಪಾಯಕರ.

ಸಮಯ ಬದಲಿಸಿದ ಮೇಲೂ ಬ್ಯಾಕಪ್ ಪ್ರತಿದಿನ ಗಂಟೆಗಟ್ಟಲೆ ಓಡುತ್ತಿದ್ದರೆ ಇನ್ನೊಂದನ್ನು ನೋಡಬೇಕು. ಮೊದಲ ಬ್ಯಾಕಪ್ ಪೂರ್ತಿಯಾಗಿ ಆದ ಮೇಲೆ ಉಳಿದವು ಬದಲಾದದ್ದನ್ನಷ್ಟೇ ನಕಲು ಮಾಡಬೇಕು. ಏನು ಬದಲಾಯಿತೆಂದು ತಿಳಿಯಲು ಕೆಲವು ತಂತ್ರಾಂಶಗಳು ವಿಂಡೋಸ್‌ನ ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ತಾನೇ ಬರೆದಿಡುವ ಚೇಂಜ್ ಜರ್ನಲ್ ಅನ್ನು ಓದುತ್ತವೆ. ಇನ್ನು ಕೆಲವು ತಮ್ಮದೇ ಡ್ರೈವರ್ ಮೂಲಕ ಬದಲಾದ ಬ್ಲಾಕ್‌ಗಳ ಲೆಕ್ಕ ಇಡುತ್ತವೆ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಕರೆಂಟ್ ಹೋಗಿಯೋ, ಪವರ್ ಬಟನ್ ಒತ್ತಿ ಹಿಡಿದೋ ನಿಂತರೆ ಆ ಲೆಕ್ಕವನ್ನು ನಂಬುವಂತಿಲ್ಲ. ಆಗ ಎಚ್ಚರಿಕೆಯುಳ್ಳ ತಂತ್ರಾಂಶ ಇಡೀ ಡಿಸ್ಕ್ ಅನ್ನು ಮತ್ತೆ ಓದಿ ಹೋಲಿಸುತ್ತದೆ. ನಿಧಾನವೆಂದು ಬೇಸತ್ತು ಪವರ್ ಬಟನ್ ಒತ್ತಿಹಿಡಿಯುವ ಅಭ್ಯಾಸ ನಿಮಗಿದ್ದರೆ ಈಗಲೇ ಬಿಡಿ. ಅದರಿಂದಾಗಿ ಮರುದಿನದ ಬ್ಯಾಕಪ್ ಇನ್ನಷ್ಟು ಉದ್ದವಾಗುತ್ತದೆ, ಆ ನಿಧಾನಕ್ಕೆ ಬೇಸತ್ತು ಮತ್ತೆ ಬಟನ್ ಒತ್ತುತ್ತೀರಿ.

ಆಂಟಿವೈರಸ್ ಕೂಡ ಪಾಲುದಾರನಾಗಿರುತ್ತದೆ. ಬ್ಯಾಕಪ್ ತೆರೆಯುವ ಪ್ರತಿ ಫೈಲ್ ಅನ್ನೂ ಅದು ತಪಾಸಣೆ ಮಾಡಬಹುದು. ಬ್ಯಾಕಪ್ ಓಡುವಾಗ ಪ್ರೊಸೆಸರ್ ಬಳಕೆಯೂ ಏರಿ, ಆಂಟಿವೈರಸ್‌ನ ಹೆಸರು ಮೇಲೆ ಕಾಣುತ್ತಿದ್ದರೆ, ಬ್ಯಾಕಪ್ ತಂತ್ರಾಂಶದ ಪ್ರೋಗ್ರಾಂ ಅನ್ನು ಮಾತ್ರ ವಿನಾಯಿತಿ ಪಟ್ಟಿಗೆ ಸೇರಿಸಿ. ನಿಮ್ಮ ಫೋಲ್ಡರ್‌ಗಳಿಗೆ ವಿನಾಯಿತಿ ಕೊಡಬೇಡಿ.

ಹೊಸ ಸಮಯಕ್ಕೆ ಬದಲಾಯಿಸಿದ ಮೇಲೂ ಬೆಳಗು ಹಾಗೇ ಇದ್ದರೆ, ಆಗ ನನ್ನ ಅನುಮಾನ ತಪ್ಪು, ಬೇರೆ ಕಡೆ ನೋಡಬೇಕು. ವಿಂಡೋಸ್ ತಾನೇ ಬರೆದಿಡುವ ದಾಖಲೆಯಿಂದ ಶುರುಮಾಡಿ. ಇವೆಂಟ್ ವ್ಯೂಯರ್‌ನಲ್ಲಿ ಅಪ್ಲಿಕೇಶನ್ಸ್ ಅಂಡ್ ಸರ್ವಿಸಸ್ ಲಾಗ್ಸ್, ಅದರೊಳಗೆ ಮೈಕ್ರೋಸಾಫ್ಟ್, ವಿಂಡೋಸ್, ಡಯಾಗ್ನಾಸ್ಟಿಕ್ಸ್ ಪರ್ಫಾರ್ಮೆನ್ಸ್, ಆಪರೇಷನಲ್ ಎಂಬ ಕ್ರಮದಲ್ಲಿ ತೆರೆಯುತ್ತಾ ಹೋಗಿ. ಅಲ್ಲಿ 100 ಎಂಬ ಸಂಖ್ಯೆಯ ದಾಖಲೆ ಒಂದೊಂದು ಬೂಟ್‌ನದು, ಅಂದರೆ ಕಂಪ್ಯೂಟರ್ ಶುರುವಾದ ಒಂದೊಂದು ಸಲದ್ದು. ಅದರ ವಿವರದಲ್ಲಿ ಎರಡು ಅಂಕಿಗಳು ಮುಖ್ಯ: 'ಮೇನ್ ಪಾತ್ ಬೂಟ್ ಟೈಮ್' ಎಂದರೆ ಡೆಸ್ಕ್‌ಟಾಪ್ ಕಾಣಿಸುವವರೆಗಿನ ಸಮಯ, 'ಬೂಟ್ ಪೋಸ್ಟ್ ಬೂಟ್ ಟೈಮ್' ಎಂದರೆ ಅಲ್ಲಿಂದ ಯಂತ್ರ ಬಿಡುವಾಗುವವರೆಗಿನ ಸಮಯ. ಎರಡೂ ಮಿಲಿಸೆಕೆಂಡ್‌ಗಳಲ್ಲಿರುತ್ತವೆ. ಮೊದಲನೆಯದು ಚಿಕ್ಕದು, ಎರಡನೆಯದು ದೊಡ್ಡದು ಎಂದಿದ್ದರೆ ಲಾಗಿನ್ ನಂತರದ ಹೊರೆ; ಮೊದಲನೆಯದೇ ದೊಡ್ಡದಾಗಿದ್ದರೆ ಡ್ರೈವರ್ ಅಥವಾ ಸರ್ವಿಸ್ ಕಡೆ ಕಣ್ಣಿಡಬೇಕು. ಪಕ್ಕದಲ್ಲೇ 101, 102, 103 ಸಂಖ್ಯೆಯ ದಾಖಲೆಗಳಿದ್ದರೆ ಅವು ಕ್ರಮವಾಗಿ ತಡಮಾಡಿದ ಪ್ರೋಗ್ರಾಂ, ಡ್ರೈವರ್, ಸರ್ವಿಸ್‌ಗಳ ಹೆಸರನ್ನೇ ಹೇಳುತ್ತವೆ. ಇನ್ನು ವಿಂಡೋಸ್ ಲಾಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ 7009 ಅಥವಾ 7011 ಕಂಡರೆ, ಯಾವುದೋ ಸರ್ವಿಸ್ ನಿಗದಿತ ಅವಧಿಯೊಳಗೆ ಉತ್ತರಿಸಲಿಲ್ಲ ಎಂದರ್ಥ. ಆ ಅವಧಿ ಸಾಮಾನ್ಯವಾಗಿ 30 ಸೆಕೆಂಡ್.

ಕಂಪ್ಯೂಟರ್ ತಯಾರಕರ ಲೋಗೊ ಪರದೆಯಲ್ಲೇ, ವಿಂಡೋಸ್ ಶುರುವಾಗುವುದಕ್ಕೂ ಮೊದಲೇ ತಡವಾಗುತ್ತಿದ್ದರೆ ಬ್ಯಾಕಪ್ ತಂತ್ರಾಂಶದ ಪಾತ್ರವೇ ಇಲ್ಲ, ಆದರೆ ಬ್ಯಾಕಪ್ ಡಿಸ್ಕ್‌ನ ಪಾತ್ರ ಇರಬಹುದು. ವಿಂಡೋಸ್‌ಗೂ ಮೊದಲು ಓಡುವ ಬಯಾಸ್ ಎಂಬ ತಂತ್ರಾಂಶ ಯುಎಸ್‌ಬಿ ಡಿಸ್ಕ್‌ನಲ್ಲೂ ಬೂಟ್ ಆಗುವಂಥದ್ದೇನಾದರೂ ಇದೆಯೇ ಎಂದು ಹುಡುಕುತ್ತಾ ಕಾಯುತ್ತದೆ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟದಲ್ಲಿ 'ಲಾಸ್ಟ್ ಬಯಾಸ್ ಟೈಮ್' ಎಂದು ಇದನ್ನು ತೋರಿಸುತ್ತದೆ. ಡಿಸ್ಕ್ ಕಳಚಿ ಆನ್ ಮಾಡಿದಾಗ ಅದು ಇಳಿದರೆ ಬಯಾಸ್‌ನ ಬೂಟ್ ಕ್ರಮದಲ್ಲಿ ಒಳಗಿನ ಎಸ್‌ಎಸ್‌ಡಿಯನ್ನು ಮೊದಲಿಗೆ ತಂದು ಆ ಪಟ್ಟಿಯಿಂದ ಯುಎಸ್‌ಬಿಯನ್ನು ತೆಗೆದುಬಿಡಿ. ಆ ಡಿಸ್ಕ್ ಅನ್ನು ಸದಾ ಜೋಡಿಸಿಡುವುದರ ಬಗ್ಗೆ ಇನ್ನೂ ಒಂದು ಮಾತು: ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್‌ಸಮ್‌ವೇರ್ ಒಳಹೊಕ್ಕರೆ ಜೋಡಿಸಿರುವ ಬ್ಯಾಕಪ್ ಡಿಸ್ಕ್ ಅನ್ನೂ ಬೀಗ ಹಾಕಿಬಿಡುತ್ತದೆ. ಸಂಜೆ ಬ್ಯಾಕಪ್ ಮುಗಿದ ಮೇಲೆ ಕಳಚಿಡುವುದು ಅಭ್ಯಾಸವಾದರೆ ಎರಡು ಕೆಲಸ ಒಟ್ಟಿಗೆ ಆದಂತೆ. ಬ್ಯಾಕಪ್ ಹೋಗುವ ಜಾಗ ನೆಟ್‌ವರ್ಕ್‌ನಲ್ಲಿದ್ದವರಿಗೆ ಇನ್ನೊಂದು ಬಗೆಯ ತಡ ಎದುರಾಗುತ್ತದೆ. ವೈಫೈ ಸಿಗುವ ಮೊದಲೇ ತಂತ್ರಾಂಶ ಆ ಜಾಗವನ್ನು ಹುಡುಕಿ, ಸಿಗದೆ, ಕಾಯುತ್ತಾ ಕೂರುತ್ತದೆ. ಅದಕ್ಕೂ ಮದ್ದು ತಡವಾಗಿ ಶುರುಮಾಡುವುದೇ.

ಫಿಲ್ಟರ್ ಡ್ರೈವರ್ ಬಗ್ಗೆ ಒಂದು ಗಂಭೀರ ಎಚ್ಚರಿಕೆ ಕೊಡಲೇಬೇಕು. ಡ್ರೈವರ್ ಫೈಲ್ ಅನ್ನು ಅಳಿಸಿ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಹೆಸರು ತೆಗೆಯಿರಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ದಯವಿಟ್ಟು ಮಾಡಬೇಡಿ. ಡಿಸ್ಕ್ ಮತ್ತು ವಾಲ್ಯೂಮ್‌ಗಳಿಗೆ ಯಾವ ಫಿಲ್ಟರ್ ಡ್ರೈವರ್‌ಗಳು ಬೇಕೆಂಬ ಪಟ್ಟಿ ರಿಜಿಸ್ಟ್ರಿಯಲ್ಲಿ 'ಅಪ್ಪರ್ ಫಿಲ್ಟರ್ಸ್' ಎಂಬ ಹೆಸರಿನಲ್ಲಿ ಇರುತ್ತದೆ. ಹೆಸರು ಪಟ್ಟಿಯಲ್ಲಿ ಉಳಿದು ಡ್ರೈವರ್ ಫೈಲ್ ಇಲ್ಲವಾದರೆ ವಿಂಡೋಸ್ ತನ್ನ ಡಿಸ್ಕ್ ಅನ್ನೇ ತೆರೆಯಲಾರದೆ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂಬ ದೋಷದೊಂದಿಗೆ ನಿಂತುಬಿಡಬಹುದು. ಆ ಪಟ್ಟಿಯಲ್ಲಿ ವಿಂಡೋಸ್‌ನದೇ ಹೆಸರುಗಳೂ ಇರುತ್ತವೆ. ಪೂರ್ತಿ ಅಳಿಸಿದರೂ ಅದೇ ಗತಿ. ತೆಗೆಯಲೇಬೇಕಾದರೆ ಆ ತಂತ್ರಾಂಶದ್ದೇ ಅನ್‌ಇನ್‌ಸ್ಟಾಲ್ ಕ್ರಮವನ್ನು, ಇಲ್ಲವೇ ಅದರ ತಯಾರಕರೇ ಕೊಡುವ ಕ್ಲೀನಪ್ ಉಪಕರಣವನ್ನು ಬಳಸಿ. ಈ ಹಿಂದೆ ಬೇರೊಂದು ಬ್ಯಾಕಪ್ ತಂತ್ರಾಂಶ ಬಳಸಿದ್ದಿರಾ? ಅದು ಹೋದರೂ ಅದರ ಡ್ರೈವರ್ ಉಳಿದುಕೊಂಡಿರುವುದುಂಟು, ಎರಡು ಡ್ರೈವರ್‌ಗಳು ಒಂದೇ ಡಿಸ್ಕ್‌ನ ಮೇಲೆ ಕುಳಿತರೆ ನಿಧಾನವಷ್ಟೇ ಅಲ್ಲ, ಬ್ಯಾಕಪ್‌ಗಳು ಕೆಡುವ ಅಪಾಯವೂ ಇದೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು 'ಎಫ್‌ಎಲ್‌ಟಿಎಂಸಿ' ಎಂಬ ಐದು ಅಕ್ಷರಗಳ ಇಂಗ್ಲಿಷ್ ಆದೇಶ ಕೊಟ್ಟರೆ ಫೈಲ್ ಮಟ್ಟದ ಫಿಲ್ಟರ್‌ಗಳ ಪಟ್ಟಿ ಬರುತ್ತದೆ. ನೋಡಲಷ್ಟೇ ಅದನ್ನು ಬಳಸಿ.

ಲಿನಕ್ಸ್ ಬಳಸುವ ಓದುಗರಿಗೆ ಒಂದು ಮಾತು. ಬ್ಯಾಕಪ್ ಡಿಸ್ಕ್ ಅನ್ನು ಎಫ್‌ಸ್ಟ್ಯಾಬ್ ಎಂಬ ಡಿಸ್ಕ್‌ಗಳ ಪಟ್ಟಿಯ ಫೈಲ್‌ನಲ್ಲಿ ನಮೂದಿಸಿ, ಡಿಸ್ಕ್ ಜೋಡಿಸದೆ ಆನ್ ಮಾಡಿದರೆ ಬೂಟ್ ನಡೆಸುವ ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡ್ ಅದಕ್ಕಾಗಿ ಕಾಯುತ್ತದೆ. ಅಷ್ಟಾದರೂ ಸಿಗದಿದ್ದರೆ ದುರಸ್ತಿ ಪರದೆಗೆ ಹೋಗಿ ನಿಲ್ಲುತ್ತದೆ. 'ನೋಫೇಲ್' ಆಯ್ಕೆ ಸೇರಿಸಿದರೆ ಡಿಸ್ಕ್ ಇಲ್ಲದಿದ್ದರೂ ಬೂಟ್ ಮುಂದುವರಿಯುತ್ತದೆ.

ಕೊನೆಯದಾಗಿ, ಸಿಸ್ಟಮ್ ಲಾಗ್‌ನಲ್ಲಿ ಇದ್ದಾಗಲೇ 7, 129, 153 ಸಂಖ್ಯೆಯ ಡಿಸ್ಕ್ ದಾಖಲೆಗಳು ಇವೆಯೇ ಎಂದು ನೋಡಿ. 7 ಎಂದರೆ ಕೆಟ್ಟ ಬ್ಲಾಕ್, 129 ಎಂದರೆ ಡಿಸ್ಕ್ ಉತ್ತರಿಸದೆ ವಿಂಡೋಸ್ ಅದನ್ನು ರೀಸೆಟ್ ಮಾಡಬೇಕಾಯಿತು, 153 ಎಂದರೆ ಒಂದು ಬೇಡಿಕೆಯನ್ನು ಮತ್ತೆ ಪ್ರಯತ್ನಿಸಬೇಕಾಯಿತು. ಕೇಬಲ್ ಸಡಿಲವಾಗಿದ್ದರೂ ಇವುಗಳಲ್ಲಿ ಕೆಲವು ಕಾಣಬಹುದು. ಆದರೆ ಮತ್ತೆ ಮತ್ತೆ ಬರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ ಎಂದೇ ಭಾವಿಸಿ ನಡೆದುಕೊಳ್ಳಿ. ದಿನನಿತ್ಯ ಮುಟ್ಟದ ಹಳೆಯ ಫೋಟೊಗಳಿರುವ ಜಾಗವನ್ನೂ ಬ್ಯಾಕಪ್ ಓದುವುದರಿಂದ, ಡಿಸ್ಕ್‌ನ ರೋಗ ಎಷ್ಟೋ ಸಲ ಮೊದಲು ಬಯಲಾಗುವುದು ಬ್ಯಾಕಪ್ ಓಡುವಾಗಲೇ. ಹಾಗಿದ್ದರೆ ವೇಗದ ಚಿಂತೆ ಬಿಟ್ಟು, ಮುಖ್ಯವಾದ ಫೋಲ್ಡರ್‌ಗಳನ್ನು ಮೊದಲು ಬೇರೊಂದು ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ; ಡಿಸ್ಕ್ ರಿಪೇರಿಯ ಉಪಕರಣಗಳನ್ನು ಓಡಿಸುವುದು ಆಮೇಲೆ. ಅಂಥ ದಾಖಲೆಗಳೇನೂ ಇಲ್ಲದಿದ್ದರೆ, ಹೊಸ ವೇಳಾಪಟ್ಟಿಯಲ್ಲಿ ಮೊದಲ ಬ್ಯಾಕಪ್ ಮುಗಿದ ಮರುದಿನ ತಂತ್ರಾಂಶದ ವರದಿ ತೆರೆದು ದಿನಾಂಕ, ಸಮಯ ನೋಡಿ, ಹಿಂದಿನ ದಿನ ಬದಲಾಯಿಸಿದ ಒಂದು ಕಡತವನ್ನು ಬ್ಯಾಕಪ್‌ನಿಂದ ಬೇರೆ ಫೋಲ್ಡರ್‌ಗೆ ಮರಳಿ ಪಡೆದು ತೆರೆದು ನೋಡಿ.